ಅಗಲ ನೋಟದ ಕ್ಯಾಮೆರಾಕ್ಕೆ ತಕ್ಕ ಫ್ಲಾಷ್ ದೀಪ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ವಾರ್ಷಿಕೋತ್ಸವದ ಗುಂಪು ಚಿತ್ರವನ್ನು ನೀವೆಲ್ಲರೂ ನೋಡಿದ್ದೀರಿ. ನಡುವೆ ಕುಳಿತ ಅತಿಥಿಗಳ ಮುಖ ಸುಣ್ಣ ಬಳಿದಂತೆ ಬೆಳ್ಳಗೆ. ತುದಿಗಳಲ್ಲಿ ಕುಳಿತವರು ಕತ್ತಲಲ್ಲಿ. ಬಲತುದಿಯಲ್ಲಿದ್ದವರು ವರ್ಷಗಟ್ಟಲೆ ದಿನವೂ ಬೆಳಿಗ್ಗೆ ಈ ಕೋಣೆಯ ಬೀಗ ತೆಗೆದ ಹಿರಿಯರು. ದೀಪಾವಳಿಗೆ ಮುಂಚೆಯೇ ಅವರು ತೀರಿಕೊಂಡರು. ಮನೆಯವರು ಒಂದು ಪ್ರತಿ ಕೇಳಿಕೊಂಡು ಬಂದಾಗ, ತೋರಿಸಲು ನಮ್ಮಲ್ಲಿದ್ದುದು ಶಲ್ಯದ ಬಿಳಿ ಅಂಚು ಮಾತ್ರ. ಆ ದೀಪವನ್ನು ಆರಿಸಿದವರು ನಾವು, ಸ್ವಯಂಸೇವಕರು. ಆದ್ದರಿಂದ ಈ ಬಗ್ಗೆ ನಾಲ್ಕು ಮಾತು ಹೇಳುವ ಹೊಣೆಯೂ ನಮ್ಮದೇ.

ನಮಗೆ ದಾನವಾಗಿ ಬಂದ ಕ್ಯಾಮೆರಾ ಫ್ಯೂಜಿ ಜಿಎಸ್‌ಡಬ್ಲ್ಯೂ 690. 120 ನಂಬರಿನ ಫಿಲಂ ಸುರುಳಿಯಲ್ಲಿ ಎಂಟೇ ಎಂಟು ಚಿತ್ರ. ಒಂದೊಂದೂ ಸುಮಾರು 56 ಮಿಲಿಮೀಟರ್ ಎತ್ತರ, 83 ಮಿಲಿಮೀಟರ್ ಅಗಲ. ಮಸೂರ 65 ಮಿಲಿಮೀಟರಿನದು. ನಾಲ್ಕು ಮೀಟರ್ ದೂರದಲ್ಲಿ ನಿಂತರೆ ಐದು ಮೀಟರ್ ಅಗಲದ ಸಾಲು ಅದರೊಳಗೆ ಹಿಡಿಯುತ್ತದೆ. ನಮ್ಮಂಥ ಇಕ್ಕಟ್ಟಾದ ಕೋಣೆಗೆ ಹೇಳಿ ಮಾಡಿಸಿದ್ದು. ಆದರೆ ಕ್ಯಾಮೆರಾ ನೋಡಿದಷ್ಟು ಅಗಲವನ್ನು ದೀಪವೂ ಬೆಳಗಬೇಕಲ್ಲ!

ಫ್ಲಾಷ್ ದೀಪಗಳ ಮೇಲೆ 28, 35, 50 ಎಂದು ಬರೆದಿರುವುದು 35 ಮಿಲಿಮೀಟರ್ ಫಿಲಮಿನ ಲೆಕ್ಕ. ಆ ಸಣ್ಣ ಚೌಕಟ್ಟಿನ ಕರ್ಣ 43 ಮಿಲಿಮೀಟರ್. ನಮ್ಮದು ಸುಮಾರು 100. ನೂರನ್ನು 43ರಿಂದ ಭಾಗಿಸಿದರೆ 2.3, ನಮ್ಮ 65ನ್ನು ಆ 2.3ರಿಂದ ಭಾಗಿಸಿದರೆ 28. ಗಿರಣಿಯ ಖಾತೆ ಬರೆಯುವ ಕೈಗೆ ಇದೇನೂ ಕಷ್ಟದ ಲೆಕ್ಕವಲ್ಲ. ಆದರೂ ಹೋದ ವರ್ಷ ನಾವು ಅದನ್ನು ಮಾಡಿರಲಿಲ್ಲ. 28 ಎಂಬ ಅಗಲಕ್ಕೆ, ಸಾಧ್ಯವಾದರೆ 24ಕ್ಕೆ, ಬೆಳಕು ಚೆಲ್ಲುವ ದೀಪ ನಮಗೆ ಬೇಕು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕಾಣಸಿಗುವ ವಿವಿಟಾರ್ 283 ಗಟ್ಟಿಮುಟ್ಟಾದ ದೀಪ. ಆದರೆ ಅದರ ಬರಿಯ ತಲೆ 35ರ ಅಗಲಕ್ಕೆ ಮಾತ್ರ ಸಾಲುತ್ತದೆ. ಮುಂದೆ ಅಗಲ ಮಾಡುವ ಮುಸುಕು ಹಾಕಲೇಬೇಕು.

ನಾವು ಎಡವಿದ್ದು ದೊಡ್ಡ ಅಂಕಿಯನ್ನು ನಂಬಿ. ದೀಪದ ಶಕ್ತಿಯನ್ನು ಗೈಡ್ ನಂಬರ್ ಎಂಬುದರಿಂದ ಹೇಳುತ್ತಾರೆ. ಅದನ್ನು ದೂರದಿಂದ ಭಾಗಿಸಿದರೆ ಮಸೂರವನ್ನು ಎಷ್ಟು ತೆರೆಯಬೇಕೆಂಬುದು ತಿಳಿಯುತ್ತದೆ. ಆದರೆ ಝೂಮ್ ತಲೆಯ ಹಲವು ದೀಪಗಳಲ್ಲಿ ಈ ಅಂಕಿಯನ್ನು ಅಳೆಯುವುದು ಬೆಳಕನ್ನು ಅತಿ ಕಿರಿದಾಗಿ ಕೂಡಿಸಿದಾಗ. ಕ್ಯಾನನ್ 580ಇಎಕ್ಸ್ ದೀಪವನ್ನೇ ನೋಡಿ. ಅದರ ಗೈಡ್ ನಂಬರ್ 58 ಮೀಟರ್. ಅದು ತಲೆ 105ರಲ್ಲಿದ್ದಾಗಿನ ಮಾತು. 28ಕ್ಕೆ ಅಗಲಿಸಿದರೆ 30ಕ್ಕೆ ಇಳಿಯುತ್ತದೆ, 24ರಲ್ಲಿ 28ಕ್ಕೆ. ಇದರಲ್ಲಿ ಮೋಸವಿಲ್ಲ, ಇರುವ ಬೆಳಕನ್ನೇ ಹರಡಿದಾಗ ತೆಳುವಾಗುತ್ತದೆ, ಒಂದೇ ಬೆಣ್ಣೆಯನ್ನು ದೊಡ್ಡ ರೊಟ್ಟಿಗೆ ಸವರಿದ ಹಾಗೆ. ಇನ್ನೊಂದು ಮಾತು: ನಮ್ಮ ಕ್ಯಾಮೆರಾ ತನ್ನ ಮಸೂರ ಯಾವುದೆಂದು ದೀಪಕ್ಕೆ ತಿಳಿಸಲಾರದು. ಝೂಮನ್ನು ಕೈಯಿಂದಲೇ ತಿರುಗಿಸಿ ಇಡಬೇಕು. ಹೋದ ವರ್ಷ ನಮ್ಮ ದೀಪ 105ರಲ್ಲೇ ನಿಂತಿತ್ತು.

28 ಎಂಬ ಗೈಡ್ ನಂಬರ್ ಸಾಕೇ? ಆ ಅಂಕಿ 100ರ ವೇಗದ ಫಿಲಮಿಗೆ. 400ರ ಫಿಲಂ ಹಾಕಿದರೆ ಎರಡರಷ್ಟು, ಅಂದರೆ 56. ನಾಲ್ಕು ಮೀಟರಿನಿಂದ ಭಾಗಿಸಿದರೆ 14. ಎಫ್ 11ರಲ್ಲಿ ಇಟ್ಟರೆ ತುದಿಯವರಿಗೂ ಸ್ವಲ್ಪ ಮಿಗುತ್ತದೆ. ಆ ಮಿಗತೆ ಬೇಕೇ ಬೇಕು. ಐದು ಮೀಟರಿನ ನೇರ ಸಾಲಿನಲ್ಲಿ ತುದಿಯ ಕುರ್ಚಿ ದೀಪದಿಂದ ನಾಲ್ಕು ಮೀಟರಲ್ಲ, 4.7 ಮೀಟರ್. ಅಷ್ಟರಿಂದಲೇ ಕಾಲುಪಾಲಿಗಿಂತ ಹೆಚ್ಚು ಬೆಳಕು ಸೋರಿಹೋಗುತ್ತದೆ. ಅಗಲ ಮಸೂರವೂ ತನ್ನ ಮೂಲೆಗಳಿಗೆ ಬೆಳಕು ಕೊಡುವಾಗ ಜಿಪುಣ. ಆದ್ದರಿಂದ ಸಾಲನ್ನು ನಾಲ್ಕು ಮೀಟರಿಗೆ ಒತ್ತಾಗಿಸಿ, ತುದಿಯ ಕುರ್ಚಿಗಳನ್ನು ಒಂದು ಮೊಳ ಮುಂದಕ್ಕೆ ಎಳೆದು ಬಿಲ್ಲಿನಂತೆ ಕೂರಿಸಬೇಕು. ಆಗ ಎಲ್ಲರೂ ದೀಪಕ್ಕೆ ಹೆಚ್ಚುಕಡಿಮೆ ಸಮದೂರ. ಅಂಚಿನಲ್ಲಿ ಮುಖ ಅಡ್ಡಡ್ಡ ಹಿಗ್ಗುವುದೂ ಕಡಿಮೆಯಾಗುತ್ತದೆ. ಈ ಲಾಭವನ್ನು ಮಹಿಳಾ ಸದಸ್ಯರು ಮೊದಲೇ ಕೇಳಿದ್ದಾರೆ.

ಚೌಕ ಚಿತ್ರದ ಹ್ಯಾಸಲ್‌ಬ್ಲಾಡ್ ಸೂಪರ್ ವೈಡ್‌ಗೂ ಇದೇ ಲೆಕ್ಕವೇ ಎಂದು ತರುಣರೊಬ್ಬರು ಕೇಳಿದರು. ಅಲ್ಲಿ ಇನ್ನೊಂದು ತೊಡಕಿದೆ. ದೀಪದ ಬೆಳಕು ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. 38 ಮಿಲಿಮೀಟರ್ ಮಸೂರ 56 ಮಿಲಿಮೀಟರ್ ಚೌಕವನ್ನು ನೋಡುವಾಗ ಮೇಲೂ ಕೆಳಗೂ ತುಂಬಲು 16ರ ಅಗಲದ ದೀಪವೇ ಬೇಕಾಗುತ್ತದೆ. ಅಲ್ಲಿ ಮುಸುಕಿಲ್ಲದೆ ಸಾಗದು.

ದೀಪವನ್ನು ಬಿಳಿಯ ಚಾವಣಿಗೆ ತಿರುಗಿಸಿದರೆ ಬೆಳಕು ಮೃದು, ನಿಜ. ಆದರೆ ಶಕ್ತಿ ಬಹಳ ಹೋಗುತ್ತದೆ. ನಮ್ಮ ಕೋಣೆಯಲ್ಲಂತೂ ಫ್ಯಾನಿನ ರೆಕ್ಕೆಗಳ ನೆರಳೂ ಬೀಳುತ್ತದೆ. ತಾನಾಗಿ ಅಳೆಯುವ ಕಣ್ಣುಳ್ಳ ದೀಪಗಳನ್ನೂ ಪೂರ್ತಿ ನಂಬಬಾರದು. ನಡುವೆ ಬಿಳಿ ಪಂಚೆ, ಹಿಂದೆ ಬಿಳಿ ಗೋಡೆ ಕಂಡರೆ ಬೆಳಕು ಸಾಕೆಂದು ಅದು ಬೇಗ ಆರಿಬಿಡುತ್ತದೆ. ಕೈಲೆಕ್ಕವೇ ಮೇಲು. ಕನ್ನಡಕದವರಿಗಾಗಿ ದೀಪವನ್ನು ಕ್ಯಾಮೆರಾದ ತಲೆಯಿಂದ ಇಳಿಸಿ, ತಂತಿ ಜೋಡಿಸಿ, ಎತ್ತರದಲ್ಲಿ ಹಿಡಿಯಬೇಕು. ನಮ್ಮ ಕ್ಯಾಮೆರಾದಲ್ಲಿ ಶಟರ್ ಮಸೂರದೊಳಗೇ ಇರುವುದರಿಂದ 1/500 ಸೆಕೆಂಡಿನವರೆಗೆ ಯಾವ ವೇಗದಲ್ಲೂ ದೀಪ ಕೂಡಿಬರುತ್ತದೆ. ಹಳೆಯ ದೀಪ ಕೊಂಡವರು ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಗೆಯೇ ಸಿಕ್ಕಿಸಬೇಡಿ. ಕೆಲವು ದೀಪಗಳ ಸಂಪರ್ಕದಲ್ಲಿ ಇನ್ನೂರಕ್ಕೂ ಮೀರಿದ ವೋಲ್ಟ್ ಇರುತ್ತದೆ.

ಅಂತೂ, 24ರವರೆಗೆ ಕೈಯಿಂದ ಅಗಲಿಸಬಹುದಾದ, ತಂತಿಯ ಸಂಪರ್ಕವಿರುವ, ಶಕ್ತಿಯನ್ನು ಕೈಯಿಂದ ಗೊತ್ತುಮಾಡಬಹುದಾದ ದೀಪವೊಂದನ್ನು ಕೊಳ್ಳಲು ಸಮಿತಿಯನ್ನು ಕೇಳಿದ್ದೇವೆ. ಎಂಟು ಚಿತ್ರಗಳಲ್ಲಿ ಎರಡನ್ನು ಪರೀಕ್ಷೆಗೆಂದೇ ಬಿಡಲು ಒಪ್ಪಿಗೆಯೂ ಸಿಕ್ಕಿದೆ. ಬರುವ ಭಾನುವಾರ ಸಂಜೆ ಏಳಕ್ಕೆ ಖಾಲಿ ಕುರ್ಚಿಗಳನ್ನು ಬಿಲ್ಲಿನಂತೆ ಜೋಡಿಸುತ್ತೇವೆ. ಎರಡು ತುದಿಗಳಲ್ಲಿ ಕೂರಲು ಇಬ್ಬರು ಬೇಕು. ದಯವಿಟ್ಟು ಹೆಸರು ಕೊಡಿ.