ಸೀಮೆ ದಾಟುವ ಕಾಲ ಯಾವುದು?

(ಸೋಮನಹಳ್ಳಿಯಲ್ಲಿ ಊರಿನ ಹಿರಿಯರ ಮುಂದೆ ಮಾಡಿದ ಭಾಷಣದ ಬರಹರೂಪ)



ಅಮೆರಿಕದ ಹೆಸರು ಈ ಊರಿಗೆ ಹೊಸದಲ್ಲ. ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಿಗೆ ಇಟ್ಟುಕೊಂಡಿದ್ದ ಎಸ್‌.ಎಂ. ಕೃಷ್ಣ ಅವರು ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಓದಿದರು. ಫುಲ್‌ಬ್ರೈಟ್ ವಿದ್ವಾಂಸರಾಗಿ ವಾಷಿಂಗ್ಟನ್‌ನಲ್ಲೂ ಇದ್ದರು. 1960ರ ಅಲ್ಲಿನ ಅಧ್ಯಕ್ಷ ಚುನಾವಣೆಯಲ್ಲಿ ಕೆನಡಿ ಪರ ಪ್ರಚಾರಕ್ಕೂ ಹೋಗಿದ್ದರು. ಮುಂದೆ 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದಾಗ ನಮ್ಮೆಲ್ಲರ ಪಾಸ್‌ಪೋರ್ಟಿನ ಇಲಾಖೆ ಅವರ ಕೈಯಲ್ಲೇ ಇತ್ತು.

ಆದರೆ ಓದಲು ಹೋಗುವವರಿಗೆ ಕಾಲದ ಆಯ್ಕೆ ಇರುವುದಿಲ್ಲ. ಅಲ್ಲಿನ ಕಾಲೇಜುಗಳು ಆಗಸ್ಟ್ ಕೊನೆಯ ಹೊತ್ತಿಗೆ ಬಾಗಿಲು ತೆರೆಯುತ್ತವೆ, ಆಗ ಹೋಗಬೇಕು. ಕೆಲಸಕ್ಕೆ ಹೋಗುವವನು ಕಂಪನಿ ಕರೆದಾಗ ಹೋಗುತ್ತಾನೆ. ಯಾವ ತಿಂಗಳು ಹೊರಡೋಣ ಎಂದು ಕೂತು ಯೋಚಿಸುವ ಅವಕಾಶ ಇರುವುದು ಅವರ ತಂದೆತಾಯಿಗೆ ಮಾತ್ರ. ಹತ್ತು ವರ್ಷ ಕಾದು ಒಮ್ಮೆ ಹೊರಡುವ ಇವರೇ ಆ ಅವಕಾಶವನ್ನು ಬಿಟ್ಟುಕೊಡುತ್ತಾರೆ. ಮಗ ಟಿಕೆಟ್ ಕಳಿಸಿದ ದಿನವೇ ಒಳ್ಳೆಯ ದಿನವಾಗಿಬಿಡುತ್ತದೆ.

ಪ್ರಯಾಣಕ್ಕೆ ಕಾಲ ನೋಡುವ ಬುದ್ಧಿ ನಮ್ಮಲ್ಲಿ ಹಳೆಯದು. ಮಳೆಗಾಲದಲ್ಲಿ ಯತಿಗಳು ಚಾತುರ್ಮಾಸ್ಯ ಹಿಡಿದು ಒಂದೇ ಕಡೆ ನಿಲ್ಲುತ್ತಾರೆ. ಮಳೆ ಕಳೆದು ದಾರಿ ಒಣಗಿದ ಮೇಲೆ, ವಿಜಯದಶಮಿಯಂದು ರಾಜರು ಬನ್ನಿ ಪೂಜಿಸಿ ಸೀಮೋಲ್ಲಂಘನ ಮಾಡುತ್ತಿದ್ದರು. ಸಮುದ್ರಕ್ಕೂ ಇದೇ ಲೆಕ್ಕ. ವಿಜಯನಗರಕ್ಕೆ ಅರಬ್ಬೀ ಕುದುರೆ ತರುತ್ತಿದ್ದ ಹಡಗುಗಳು ಭಟ್ಕಳ, ಗೋವೆಗಳ ರೇವಿಗೆ ಬಂದದ್ದು ಮಾರುತದ ಮರ್ಜಿ ನೋಡಿಕೊಂಡೇ. ನೈಋತ್ಯ ಗಾಳಿ ಇತ್ತ ನೂಕುತ್ತದೆ, ಈಶಾನ್ಯ ಗಾಳಿ ಅತ್ತ ಒಯ್ಯುತ್ತದೆ, ನಡುಮಳೆಗಾಲದಲ್ಲಿ ಕಡಲಿಗೇ ಬೀಗ. ವಿಮಾನ ಬಂದ ಮೇಲೆ ಬೀಗ ಹೋಯಿತು. ಅದರ ಜೊತೆಗೆ ಕಾಲ ನೋಡುವ ಅಭ್ಯಾಸವೂ ಹೋದದ್ದು ನಷ್ಟ.

ಹೆಚ್ಚಿನ ತಾಯಂದಿರ ಮೊದಲ ಪ್ರಯಾಣ ನಡೆಯುವುದು ಬಾಣಂತನಕ್ಕೆ. ಅಲ್ಲಿ ಕಾಲ ಗೊತ್ತುಮಾಡುವುದು ಹುಟ್ಟಲಿರುವ ಮಗು, ಅದಕ್ಕೆ ಯಾರೂ ಏನೂ ಹೇಳುವಂತಿಲ್ಲ. ಜನವರಿಯಲ್ಲಿ ಹೆರಿಗೆಯಾದರೆ ಜನವರಿಯ ಹಿಮಕ್ಕೇ ಇಳಿಯಬೇಕು. ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಪಥ್ಯ, ಬಟ್ಟೆ, ಪಾತ್ರೆ. ಆರು ತಿಂಗಳು ಕಳೆದು ಬಂದಾಕೆಯನ್ನು ಅಮೆರಿಕ ಹೇಗಿತ್ತವ್ವ ಎಂದು ಕೇಳಿದರೆ ಅಡಿಗೆಮನೆಯ ಕಿಟಕಿಯಿಂದ ಕಂಡಷ್ಟನ್ನು ಹೇಳುತ್ತಾಳೆ. ಇದನ್ನು ಪ್ರವಾಸದ ಲೆಕ್ಕಕ್ಕೆ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ದುಡಿಮೆ. ಆಕೆಗೆ ಇನ್ನೊಂದು ಪ್ರಯಾಣ ಬಾಕಿ ಇದೆ ಎಂದು ಮಕ್ಕಳು ತಿಳಿಯಬೇಕು, ಮನೆಯ ಯಜಮಾನರೂ ತಿಳಿಯಬೇಕು.

ಆ ಇನ್ನೊಂದು ಪ್ರಯಾಣಕ್ಕೆ ಕಾಲ ಯಾವುದು? ನಾನು ಹಿಡಿಯುವ ಅಳತೆ ಒಂದೇ: ನಿಮ್ಮ ಕಾಲ ಮೇಲೆ ನೀವೇ ಹೊರಗೆ ನಡೆಯಬಹುದಾದ ತಿಂಗಳು. ಹಳ್ಳಿಯ ಮನುಷ್ಯ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಹೊರಗೇ ಇರುವವನು. ಅಲ್ಲಿ ಮಗ, ಸೊಸೆ ಕೆಲಸಕ್ಕೆ ಹೋದರೆ ಕಾರು ಓಡಿಸಲು ಬಾರದವರಿಗೆ ಉಳಿಯುವುದು ಕಾಲ್ನಡಿಗೆ. ನ್ಯೂಜೆರ್ಸಿಯಲ್ಲಿ ಡಿಸೆಂಬರ್ ತಿಂಗಳು ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ, ಹಾದಿಯ ಮೇಲೆ ಹಿಮ ಗಟ್ಟಿಯಾಗಿ ಜಾರುತ್ತದೆ. ಜೂನಿನಲ್ಲಾದರೆ ರಾತ್ರಿ ಎಂಟೂವರೆಯವರೆಗೂ ಬೆಳಕು. ಅದೇ ಮನೆ, ಅದೇ ಮಗ. ಆದರೆ ಒಂದು ಸೆರೆಮನೆ, ಇನ್ನೊಂದು ಪ್ರವಾಸ.

ಹಾಗಂತ ಅಮೆರಿಕಕ್ಕೆಲ್ಲ ಒಂದೇ ಕಾಲವಿಲ್ಲ. ಕೃಷ್ಣ ಅವರು ಓದಿದ ಡಲ್ಲಾಸ್‌ನಲ್ಲಿ ಜುಲೈ, ಆಗಸ್ಟ್ ಬಂದರೆ ಬಿಸಿಲು ರಾಯಚೂರನ್ನು ನೆನಪಿಸುತ್ತದೆ. ಅಲ್ಲಿಗೆ ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್ ಮೇಲು. ಸ್ಯಾನ್ ಹೋಸೆ ಕಡೆ ವರ್ಷದ ಬಹುಭಾಗ ನಡೆದಾಡಬಹುದು. ದುಬೈಗೆ ನವೆಂಬರಿನಿಂದ ಮಾರ್ಚ್. ಆಸ್ಟ್ರೇಲಿಯದಲ್ಲಿ ಎಲ್ಲವೂ ತಿರುಗುಮುರುಗು, ನಮ್ಮ ಧನುರ್ಮಾಸ ಅವರಿಗೆ ಬೇಸಿಗೆ.

ಇನ್ನು ನಮ್ಮ ಕಡೆಯ ಲೆಕ್ಕ. ಮಳೆ ನಕ್ಷತ್ರಗಳು ಸೂರ್ಯನ ಚಲನೆಯ ಮೇಲೆ ನಿಂತಿರುವುದರಿಂದ ಯುಗಾದಿಯಂತೆ ಹಿಂದೆ ಮುಂದೆ ಸರಿಯುವುದಿಲ್ಲ. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರೆ 22ರ ಸುಮಾರಿಗೆ ಬಂದೇ ಬರುತ್ತವೆ. ಹೀಗಾಗಿ ವಿಮಾನದ ವೇಳಾಪಟ್ಟಿಗೂ ಪಂಚಾಂಗಕ್ಕೂ ಸಲೀಸಾಗಿ ತಾಳೆ ನೋಡಬಹುದು. ಕನ್ನಂಬಾಡಿ ಕಟ್ಟೆ ತನ್ನ 124.80 ಅಡಿಯ ಕಡೆಗೆ ಏರುತ್ತಾ ನಾಲೆಗೆ ನೀರು ಬಿಟ್ಟರೆಂದರೆ ಒಟ್ಲು, ನಾಟಿ, ಕಟ್ಟು ನೀರಿನ ಸರದಿ. ಮಳೆ ನಂಬಿದ ರಾಗಿ ಹೊಲದ ಬಿತ್ತನೆಯೂ ಆಗಲೇ. ಆ ಹೊತ್ತಿಗೆ ಯಜಮಾನ ಊರಲ್ಲಿರಬೇಕು. ಭತ್ತದ ಕೊಯ್ಲು ಬರುವುದು ವರ್ಷದ ಕೊನೆಗೆ. ಕಬ್ಬಿನದು ಬೇರೆಯೇ ಪಾಡು, ಕಾರ್ಖಾನೆಯವರು ಕಟಾವಿಗೆ ಹೇಳಿದಾಗ ಕಡಿಯಬೇಕು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ, ಕೆಲಸವಿಲ್ಲದೆ ಕೈ ಖಾಲಿಯಿತ್ತು. ಆದರೆ ಅಂಥ ವರ್ಷ ಜೇಬೂ ಖಾಲಿ.

ಹೀಗೆ ಹುಡುಕಿದರೆ ಎರಡು ಸಂದು ಸಿಗುತ್ತವೆ. ಒಂದು, ನಾಟಿ ಮುಗಿಸಿ ಹುಬ್ಬೆ ಮಳೆಗೆ ಹೊರಟು ಕೊಯ್ಲಿಗೆ ಬರುವುದು. ಅಮೆರಿಕದ ಪೂರ್ವ ತೀರದಲ್ಲಿ ಎಲೆಗಳು ಕೆಂಪಾಗುವ ಕಾಲ ಅದು, ನೋಡಲು ಬಲು ಚೆಂದ, ಟಿಕೆಟ್ಟೂ ಬೇಸಿಗೆ ರಜೆಯಷ್ಟು ದುಬಾರಿಯಲ್ಲ. ಆದರೆ ಮಹಾಲಯ ಅಮಾವಾಸ್ಯೆ ನಡುವೆ ಬರುತ್ತದೆ. ಹಿರಿಯರಿಗೆ ಎಡೆ ಇಡುವ ದಿನ ಮನೆಗೆ ಬೀಗ ಹಾಕಿರುವುದು ಎಷ್ಟೋ ಮಂದಿಗೆ ಒಗ್ಗದ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ನೆಮ್ಮದಿ ಇಲ್ಲದೆ ನಯಾಗರ ನೋಡಿದರೂ ಅದು ಬರಿ ನೀರು.

ಆದ್ದರಿಂದ ಜಮೀನುಳ್ಳವರಿಗೆ ನನ್ನ ಸಲಹೆ ಎರಡನೆಯ ಸಂದು: ಯುಗಾದಿ ಮುಗಿಸಿ ಏಪ್ರಿಲಿನಲ್ಲಿ ಹೊರಡಿ, ಆರಿದ್ರೆ ಕಳೆಯುವುದರೊಳಗೆ ಬನ್ನಿ. ದರ ಏರುವುದು ಮೇ ಕೊನೆಗೆ, ಹೋಗುವಾಗಲಾದರೂ ಅದು ತಪ್ಪುತ್ತದೆ. ಅಲ್ಲಿ ಚಳಿ ಕಳೆದು ಮರ ಚಿಗುರುತ್ತಿರುತ್ತದೆ, ಜೂನಿನಲ್ಲಿ ಮೊಮ್ಮಕ್ಕಳಿಗೆ ಶಾಲೆ ಬಿಡುತ್ತದೆ. ಆಷಾಢದಲ್ಲಿ ಹೊರಡಬಾರದು ಎನ್ನುವವರಿದ್ದಾರೆ. ವಾಪಸು ಬರಬಾರದು ಎಂದವರನ್ನು ನಾನು ಕಂಡಿಲ್ಲ.

ಒಂದು ಮಾತು ಮರೆಯದಿರಿ. ವೀಸಾ ಹತ್ತು ವರ್ಷದ್ದಿದ್ದರೂ ಒಂದು ಸಲಕ್ಕೆ ಎಷ್ಟು ದಿನ ಇರಬಹುದೆಂದು ಹೇಳುವವನು ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಕೊಟ್ಟರು ಅಂತ ಆರೂ ತಿಂಗಳು ಇರಬೇಕಾಗಿಲ್ಲ, ಮೂರು ಸಾಕು.

ಟಿಕೆಟ್ ತೆಗೆಸುವ ಮೊದಲು ಮಗನನ್ನೋ ಮಗಳನ್ನೋ ಫೋನಿನಲ್ಲಿ ಇಷ್ಟು ಕೇಳಿ: ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಏನೇನಿದೆ? ಉದ್ಯಾನವಿದೆಯೇ, ಗ್ರಂಥಾಲಯವಿದೆಯೇ, ಕೂರಲು ಬೆಂಚಿದೆಯೇ, ನಮ್ಮ ಮಾತು ಬರುವ ಯಾರಾದರೂ ಸಂಜೆ ಅಲ್ಲಿಗೆ ಬರುತ್ತಾರೆಯೇ? ಯಾವ ತಿಂಗಳಲ್ಲಿ ಬರುತ್ತಾರೆ ಎಂಬುದನ್ನೂ ಕೇಳಿಬಿಡಿ.