ಹೆಸರಿಲ್ಲದವನ ಮುಖ



ಸತ್ತವನ ಮುಖ ಅಳಿಯುತ್ತದೆ, ಎಲುಬು ಉಳಿಯುತ್ತದೆ. ಆ ಎಲುಬಿನ ಮೇಲೆ ಮತ್ತೆ ಮುಖವನ್ನು ಮೂಡಿಸುವ ಕಲಾವಿದರುಂಟು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ದುಡಿದ ರಿಚರ್ಡ್ ನೀವ್ ಅಂಥವರು. ತಲೆಬುರುಡೆಯ ಅಚ್ಚು ತೆಗೆದು, ಎಲ್ಲೆಲ್ಲಿ ಮಾಂಸ ಎಷ್ಟು ದಪ್ಪವೆಂಬ ಅಳತೆಗೆ ಸಣ್ಣ ಗೂಟಗಳನ್ನು ನೆಟ್ಟು, ಜೇಡಿಮಣ್ಣಿನಿಂದ ಒಂದೊಂದೇ ಸ್ನಾಯುವನ್ನು ಕಟ್ಟಿ, ಮೇಲೆ ಚರ್ಮ ಹೊದಿಸುವುದು ಅವರ ಕ್ರಮ. ಹಣೆ, ದವಡೆಗಳ ಆಕಾರವನ್ನು ಎಲುಬು ಹೇಳುತ್ತದೆ; ಕಿವಿ, ತುಟಿಗಳನ್ನು ಅಷ್ಟಾಗಿ ಹೇಳುವುದಿಲ್ಲ. ಆದಕಾರಣ ಅದು ಭಾವಚಿತ್ರವಲ್ಲ. ಬಲ್ಲವರ ನೆನಪನ್ನು ತಟ್ಟುವ ಕರೆ.

1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನೆಲದಡಿಯ ರೈಲು ನಿಲ್ದಾಣದಲ್ಲಿ ಬೆಂಕಿ ಹತ್ತಿ 31 ಜನ ತೀರಿಕೊಂಡರು. ಒಬ್ಬನ ಗುರುತು ಮಾತ್ರ ಸಿಗಲಿಲ್ಲ. ಅವನಿಗೆ ಉಳಿದದ್ದು 115 ಎಂಬ ಅಂಕೆ. ನೀವ್ ಅವನ ಮುಖವನ್ನು ಮಾಡಿಕೊಟ್ಟರು. ಆದರೂ ವರ್ಷಗಳು ಉರುಳಿದವು. ಆತ ತಜ್ಞರು ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ವಯಸ್ಸಿನವನಾಗಿದ್ದ. ಕಡೆಗೆ 2004ರಲ್ಲಿ ಆತ ಸ್ಕಾಟ್ಲೆಂಡಿನ ಒಬ್ಬ ವೃದ್ಧನೆಂದು ತಿಳಿಯಿತು. ಹಿಂದೆ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಇಟ್ಟಿದ್ದ ಲೋಹದ ಕ್ಲಿಪ್ಪು ಗುರುತಿಗೆ ನೆರವಾಯಿತು.

ಹಾಗಾದರೆ ಮಣ್ಣಿನ ಮುಖ ಮಾಡಿದ ದುಡಿಮೆ ವ್ಯರ್ಥವಾಯಿತೇ? ಇಲ್ಲ. ಇವನು ಬರಿಯ ಅಂಕೆಯಲ್ಲ, ಯಾರದೋ ಮನೆಯವನು ಎಂದು ಅದು ಸಾರಿತು. ಫಲ ಕೈಗೆ ಬಾರದಿದ್ದರೂ ಮಾಡಬೇಕಾದ ಕಾಯಕವದು.

ಗುರುತಿಲ್ಲದೆ ಸತ್ತವನ ಮುಖಕ್ಕಾಗಿ ಅವರು ಅಷ್ಟು ಶ್ರಮಪಟ್ಟರು. ನಮ್ಮ ಬಾಗಿಲಿಗೆ ಬಂದು ನಿಂತ ಬದುಕಿರುವವನ ಮುಖವನ್ನು ನಾವು ಕಣ್ಣೆತ್ತಿ ನೋಡಿದ್ದೇವೆಯೇ? ಅನ್ನ ನೀಡುವಾಗ ಅವನ ಹೆಸರನ್ನು ಕೇಳಿದ್ದೇವೆಯೇ? ಇಂದು ಮನೆಗೆ ಹೋದ ಮೇಲೆ ಇದನ್ನೊಂದಿಷ್ಟು ಯೋಚಿಸಿರಿ.