ಒಳಗಿದ್ದವರಿಗೆ ಒಂದು ಕಾರ್ಡು

(ಬೀದರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆಯ ಬಗ್ಗೆ ಮಾತಾಡು ಅಂತ ನನ್ನನ್ನು ಕರೆದಿದ್ದಾರೆ. ನಾನು ಕವಿತೆಗಿಂತ ಚಿಕ್ಕದಾದ, ಆದರೆ ಇವತ್ತೇ ನಿಮ್ಮ ಕೈಯಿಂದ ಆಗುವ ಒಂದು ಬರವಣಿಗೆಯ ಬಗ್ಗೆ ಮಾತಾಡ್ತೀನಿ. ಅದು ಜೈಲಿನಲ್ಲಿರುವವರಿಗೆ ಬರೆಯುವ ಕಾಗದ.

ಜೈಲಿನಲ್ಲಿ ಇರುವವರು ಯಾರು? ಸರ್ಕಾರದ್ದೇ ಲೆಕ್ಕ ಹೇಳ್ತೀನಿ. 2022ರ ಕೊನೆಗೆ ಈ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ದೇಶದ ಜನರಲ್ಲಿ ಆರಕ್ಕೆ ಒಬ್ಬರಾದ ಪರಿಶಿಷ್ಟ ಜಾತಿಯವರು ಜೈಲಿನಲ್ಲಿ ಸುಮಾರು ಐವರಿಗೆ ಒಬ್ಬರು. ಶಾಲೆ, ನೌಕರಿ, ಭೂಮಿ ಅಂದಾಗ ನಮ್ಮ ಪಾಲು ಕೊಡಲು ನೂರು ನೆಪ ಹೇಳುವ ಈ ವ್ಯವಸ್ಥೆ, ಜೈಲಿನಲ್ಲಿ ಮಾತ್ರ ಕೇಳದೆಯೇ ಹೆಚ್ಚಿಗೆ ಕೊಟ್ಟಿದೆ.

ಇವರೆಲ್ಲ ಯಾಕೆ ಹೊರಗೆ ಬರ್ತಾ ಇಲ್ಲ? ಜಾಮೀನು ಸಿಕ್ಕರೂ ಶ್ಯೂರಿಟಿ ಬೇಕು. ಶ್ಯೂರಿಟಿಗೆ ಪಹಣಿ ಬೇಕು. ತಲೆತಲಾಂತರದಿಂದ ಭೂಮಿಯೇ ಇಲ್ಲದವನು ಪಹಣಿ ಎಲ್ಲಿಂದ ತರಬೇಕು? ಗೌಡನ ಮನೆ ಬಾಗಿಲಿಗೇ ಹೋಗಿ ನಿಲ್ಲಬೇಕು. ಹೊಲ ಇದ್ದವನಿಗೆ ಜಾಮೀನು ಒಂದು ದಿನದ ಕೆಲಸ, ಇಲ್ಲದವನಿಗೆ ಅದೇ ಇನ್ನೊಂದು ಶಿಕ್ಷೆ.

ಕಾನೂನು ಇಲ್ಲವೇ? ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ನೋಡಿ. ಹಿಂದೆ ಯಾವತ್ತೂ ಶಿಕ್ಷೆ ಆಗದವನು, ತನ್ನ ಮೇಲಿನ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಿಡಬೇಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ. ಮೇಲೆ ಹಲವು ಕೇಸು ಇದ್ದವರಿಗೂ ಇಲ್ಲ. ಉಳಿದವರ ಪರವಾಗಿ ಜೈಲಿನ ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಹಾಕಬೇಕು. ಆದರೆ ದಿನ ಎಣಿಸುವವರು ಯಾರು? ಹೊರಗಿನಿಂದ ಯಾರೂ ಕೇಳದ ಮನುಷ್ಯನ ದಿನಗಳನ್ನು ಒಳಗೂ ಯಾರೂ ಎಣಿಸುವುದಿಲ್ಲ. ನಾನು ಕಾಗದದ ಮಾತು ಎತ್ತಿದ್ದು ಇದಕ್ಕೇ.

ಔರಾದ್ ತಾಲೂಕಿನ ಒಬ್ಬ ಆಯಿ ಒಮ್ಮೆ ನನ್ನ ಕೈಯಿಂದ ಮಗನಿಗೆ ಕಾರ್ಡು ಬರೆಸಿದಳು. ಮುಲಾಖತ್‌ಗೆ ಬರಬೇಕಂದ್ರೆ ಬಸ್ಸಿನ ರೊಕ್ಕ, ಒಂದು ದಿನದ ಕೂಲಿ ಎರಡೂ ಹೋಗ್ತಾವ. ಏನು ಬರೀಲಿ ಆಯಿ ಅಂದೆ. "ಆಡು ಎರಡು ಮರಿ ಹಾಕ್ಯಾದ ಅಂತ ಬರಿ ಮಗಾ. ತೊಗರಿ ಛಲೋ ಬಂದದ ಅಂತ ಬರಿ. ಎಳ್ಳಮಾಸಿಗಿ ಭಜ್ಜಿ ಮಾಡ್ದಾಗ ಅವಂದ್ ಪಾಲು ತೆಗ್ದಿಟ್ಟಿದ್ದ ಅಂತ ಬರಿ" ಅಂದಳು. ಕೇಸಿನ ಮಾತು ಒಂದೂ ಇಲ್ಲ. ನಾನು ಓದಿದ ಬಿ.ಎ. ಪುಸ್ತಕದಲ್ಲಿ ಇಂಥ ಸಾಹಿತ್ಯ ಇರಲಿಲ್ಲ. ನೀನು ಇನ್ನೂ ಈ ಮನೆಯವನೇ ಅನ್ನುವುದನ್ನು ಆಕೆ ಒಂದು ಆಡಿನ ಮೇಲೆ ಹೇಳಿಬಿಟ್ಟಳು.

ಕಾಗದಕ್ಕೆ ಏನು ಬಲ ಅಂತ ನಗಬೇಡಿ. 1979ರಲ್ಲಿ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಅನ್ನುವ ಕೈದಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಒಂದು ಕಾಗದ ಬರೆದ. ತನಗಾಗಿ ಅಲ್ಲ, ವಾರ್ಡರನಿಂದ ಚಿತ್ರಹಿಂಸೆ ಅನುಭವಿಸಿದ ಇನ್ನೊಬ್ಬ ಕೈದಿಗಾಗಿ. ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತಗೊಂಡು ವಿಚಾರಣೆ ಮಾಡಿತು. ಅದು ಒಳಗಿನಿಂದ ಹೊರಗೆ ಬಂದ ಕಾಗದ. ಹೊರಗಿನಿಂದ ಒಳಗೆ ಹೋದದ್ದೂ ಇದೆ. ಅಮೆರಿಕದ ಕಪ್ಪು ಜನರ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಜೈಲಿನಲ್ಲಿದ್ದಾಗ, 1971ರಲ್ಲಿ, ಪೂರ್ವ ಜರ್ಮನಿಯ ಶಾಲಾಮಕ್ಕಳು ಗುಲಾಬಿ ಚಿತ್ರ ಬರೆದು ಆಕೆಗೆ ರಾಶಿ ರಾಶಿ ಕಾರ್ಡು ಕಳಿಸಿದರು. 1972ರ ಜೂನ್‌ನಲ್ಲಿ ಆಕೆ ನಿರ್ದೋಷಿ ಅಂತ ತೀರ್ಪು ಬಂತು. ಕಾರ್ಡಿನಿಂದಲೇ ಬಿಡುಗಡೆ ಆಯಿತು ಅಂತ ನಾನು ಹೇಳೋದಿಲ್ಲ. ಆಕೆ ಒಂಟಿಯಲ್ಲ ಅನ್ನುವುದು ಆಕೆಯನ್ನು ಕೂಡಿಹಾಕಿದವರಿಗೂ ಗೊತ್ತಾಯಿತು.

ಭಾಲ್ಕಿಯ ಒಬ್ಬ ತಮ್ಮ ನನ್ನನ್ನು ಕೇಳಿದ: "ಅಣ್ಣಾ, ಹೋರಾಟ ಮಾಡಿ ಒಳಗ ಹೋದವ್ರಿಗಿ ಬರಿಯಮು. ಕಳವು ಮಾಡ್ದವನಿಗಿ ಯಾಕ ಬರಿಬೇಕು?" ನ್ಯಾಯವಾದ ಪ್ರಶ್ನೆ. ಮೊದಲನೆಯದು, ಕಳವು ಮಾಡಿದ್ದಾನೋ ಇಲ್ಲವೋ ಅಂತ ಕೋರ್ಟು ಇನ್ನೂ ಹೇಳಿಲ್ಲ. ಎರಡನೆಯದು, ಒಳಗೆ ಹೋಗಲು ಕಳವೇ ಮಾಡಬೇಕಂತಿಲ್ಲ. ಇದೇ ಬೀದರಿನಲ್ಲಿ 2020ರ ಜನವರಿ 30ರಂದು, ಶಾಲಾಮಕ್ಕಳು ಆಡಿದ ಒಂದು ನಾಟಕಕ್ಕಾಗಿ ಒಬ್ಬ ಶಿಕ್ಷಕಿ, ಒಬ್ಬ ಬಡತಾಯಿ ದೇಶದ್ರೋಹದ ಕೇಸಿನಲ್ಲಿ ಜೈಲಿಗೆ ಹೋದರು. ಜಾಮೀನಿಗೆ ಎರಡು ವಾರ ಹಿಡಿಯಿತು. ಶಾಲೆಯ ಆಡಳಿತದವರ ಮೇಲಿನ ಆ ಕೇಸನ್ನು ಹೈಕೋರ್ಟು 2023ರ ಜೂನ್‌ನಲ್ಲಿ ರದ್ದು ಮಾಡಿತು. ಮೂರನೆಯದು, ಕಾಗದ ಅಂದರೆ ಒಳ್ಳೆಯ ನಡತೆಯ ಸರ್ಟಿಫಿಕೇಟಲ್ಲ. ಹೆಂಡತಿಯನ್ನು ಹೊಡೆದು ಒಳಗೆ ಹೋದವನಿಗೆ ಬರೆಯುವ ಮೊದಲು ಆ ಹೆಣ್ಣುಮಗಳ ಮನೆಗೆ ಹೋಗಿ, ಆಕೆಯ ಮಾತು ಕೇಳಿ. ಆಕೆ ಬೇಡ ಅಂದರೆ ಬೇಡ.

ಒಳಗೆ ಹೋದರೆ ಜಾತಿ ಹೊರಗೇ ಉಳಿಯುತ್ತೆ ಅಂತ ತಿಳಿಯಬೇಡಿ. ಕಸಬರಿಗೆ ಯಾರ ಕೈಗೆ, ಅಡುಗೆ ಯಾರ ಕೈಗೆ ಅಂತ ಜಾತಿ ನೋಡಿ ಹಂಚುವ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಅಚ್ಚಾಗಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಆ ನಿಯಮಗಳನ್ನು ರದ್ದು ಮಾಡಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಮ್ಮನ್ನೇ ತೆಗೆಯಿರಿ ಅಂದಿತು. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷ ಆದಮೇಲೆ! ತೀರ್ಪು ಒಳಗಿನ ತನಕ ಮುಟ್ಟಿದೆಯೇ ಅಂತ ಕೇಳಲು ಹೊರಗೆ ಜನ ಬೇಕು.

ಹಾಗಾದರೆ ಹೇಗೆ ಬರೆಯೋದು? ಒಂದು ಕಾರ್ಡು ಸಾಕು. ಹೇಗೂ ಜೈಲಿನವರು ಓದಿಯೇ ಕೊಡ್ತಾರೆ. ಓದಲಿ, ಈ ಮನುಷ್ಯನಿಗೆ ಕೇಳುವವರಿದ್ದಾರೆ ಅಂತ ಅವರಿಗೂ ತಿಳೀಲಿ. ಅಕ್ಷರ ದೊಡ್ಡದಾಗಿರಲಿ, ಓದಲು ಬಾರದವನಿಗೆ ಪಕ್ಕದವನು ಓದಿ ಹೇಳ್ತಾನೆ. ಕನ್ನಡವೇ ಆಗಬೇಕಂತಿಲ್ಲ, ಅವನ ಮನೆಮಾತು ಮರಾಠಿಯಾದರೆ ಮರಾಠಿ, ಉರ್ದುವಾದರೆ ಉರ್ದು. ಏನು ಮಾಡಿದೆ ಅಂತ ಕೇಳಬೇಡಿ. ಬಿಡಿಸ್ತೀವಿ ಅಂತ ಸುಳ್ಳು ಆಸೆ ಹಚ್ಚಬೇಡಿ. ನಾಲ್ಕು ಮಾತು ಮಾತ್ರ ಕೇಳಿ: ಯಾವ ತಾರೀಖಿಗೆ ಹಿಡಿದರು, ಯಾವ ಕಲಮು, ಯಾವ ಕೋರ್ಟು, ವಕೀಲರು ಇದ್ದಾರೋ ಇಲ್ಲವೋ. ಉತ್ತರ ಬಂದರೆ ಅದನ್ನು ಬೀದರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆದು ಕೊಡಿ. 1987ರ ಕಾಯ್ದೆಯ ಪ್ರಕಾರ ಪರಿಶಿಷ್ಟರಿಗೂ, ಬಂಧನದಲ್ಲಿರುವ ಯಾರಿಗೇ ಆದರೂ ವಕೀಲರನ್ನು ಪುಕ್ಕಟೆ ಕೊಡಬೇಕು. ಅದು ಭಿಕ್ಷೆಯಲ್ಲ, ಹಕ್ಕು. 15100 ನಂಬರಿಗೆ ಫೋನೂ ಮಾಡಬಹುದು.

ಇನ್ನೊಂದು ಮಾತು. ಒಂದು ಕಾಗದ ಬರೆದು ಸುಮ್ಮನಾಗುವುದಾದರೆ ಬರೆಯಲೇಬೇಡಿ. ಮೊದಲೇ ಕಾಯುವುದರಲ್ಲಿ ಸವೆದವನಿಗೆ ಇನ್ನೊಂದು ಕಾಯುವಿಕೆ ಕೊಟ್ಟಂತಾಗ್ತದೆ. ತಿಂಗಳಿಗೆ ಒಂದೇ ಇರಲಿ, ತಪ್ಪದೆ ಇರಲಿ.

ಬಾಬಾಸಾಹೇಬರಿಂದ ನಮಗೆ ಅಕ್ಷರ ಬಂತು. ಅದನ್ನು ಪರೀಕ್ಷೆಯ ಹಾಳೆಗೆ ಮಾತ್ರ ಮೀಸಲಿಡಬೇಡಿ. ಬೀದರ್, ಭಾಲ್ಕಿ, ಔರಾದ್, ಈ ಮೂರೂ ಊರಿನ ಹಾಸ್ಟೆಲಿನವರು ಈ ಭಾನುವಾರ ನಿಮ್ಮ ನಿಮ್ಮ ಕೇರಿಗೆ ಹೋಗಿ. ಯಾರ ಮನೆಯವರು ಒಳಗಿದ್ದಾರೆ ಕೇಳಿ, ಹೆಸರು ಬರಕೊಳ್ಳಿ. ಸೋಮವಾರ ಮೊದಲ ಕಾರ್ಡು ಡಬ್ಬಿಗೆ ಬೀಳಲಿ.

ಜೈ ಭೀಮ್.